ಸೀಲಿನ ಬಾಯಿಗೆ ಗುಟುಕು ನೀರು

ಹೆಪ್ಪುಗಟ್ಟಿದ ಕಡಲಿನ ಮೇಲೆ ಬೇಟೆಗಾರ ಸೊಂಟ ಬಗ್ಗಿಸಿ ನಿಂತಿದ್ದಾನೆ. ಪಾದದಡಿ ಒಂದು ತುಂಡು ತುಪ್ಪಳ ಹಾಸಿಕೊಂಡಿದ್ದಾನೆ. ಹಿಮ ಕರಕರ ಅಂದರೆ ಸಾಕು, ಕೆಳಗಿನ ಪ್ರಾಣಿಗೆ ಸುಳಿವು ಸಿಕ್ಕಿಬಿಡುತ್ತದೆ. ಗಾಳಿಗೆ ಅಡ್ಡವಾಗಿ ಹಿಮದ ಇಟ್ಟಿಗೆಗಳ ಗಿಡ್ಡ ಗೋಡೆ. ಎದುರಿಗೆ, ಹಿಮದ ಹೊದಿಕೆಯ ಅಡಿಯಲ್ಲಿ, ಸೀಲ್ ಉಸಿರೆಳೆಯಲು ಬರುವ ಕಿಂಡಿ. ಇನುಯಿಟ್ ಜನ ಅದನ್ನು ಅಗ್ಲು ಎನ್ನುತ್ತಾರೆ. ಚಳಿಗಾಲದಲ್ಲಿ ಕಡಲು ಹೆಪ್ಪುಗಟ್ಟತೊಡಗಿದಾಗಿನಿಂದ ಸೀಲ್ ತನ್ನ ಮುಂಗಾಲಿನ ಗಟ್ಟಿ ಉಗುರುಗಳಿಂದ ಕೆರೆದು ಕೆರೆದು ಈ ಕಿಂಡಿ ಮುಚ್ಚಿಹೋಗದಂತೆ ಕಾಪಾಡಿಕೊಂಡಿರುತ್ತದೆ. ಮಂಜುಗಡ್ಡೆ ಆಳುದ್ದ ದಪ್ಪವಾದರೂ ಬಿಡುವುದಿಲ್ಲ. ಕಿಂಡಿಯ ಬಾಯಲ್ಲಿಟ್ಟ ಹಕ್ಕಿಯ ಪುಕ್ಕದ ಎಳೆ ಅಲುಗಿದರೆ ಸೀಲ್ ಬಂದಿದೆ ಎಂದರ್ಥ. ಅಲ್ಲಿಯವರೆಗೆ ಕಾಯಬೇಕು. ಒಂದು ಗಂಟೆಯಾಗಬಹುದು, ಇಡೀ ದಿನವೇ ಕಳೆಯಬಹುದು.

ಎಳೆ ಅಲುಗುತ್ತದೆ, ಈಟಿ ಇಳಿಯುತ್ತದೆ. ಈಟಿಯ ಮೊನೆ ಮಾಂಸದೊಳಗೆ ಹೋಗಿ ಅಡ್ಡಕ್ಕೆ ತಿರುಗಿಕೊಳ್ಳುತ್ತದೆ. ಸೀಲ್ ಎಷ್ಟು ಎಳೆದರೂ ಹಗ್ಗದಿಂದ ಕಳಚಿಕೊಳ್ಳಲಾಗದು. ಕಿಂಡಿಯನ್ನು ಒಡೆದು ಅಗಲ ಮಾಡಿ, ಅದನ್ನು ಮೇಲಕ್ಕೆಳೆದು ಹಿಮದ ಮೇಲೆ ಮಲಗಿಸುತ್ತಾನೆ. ಆಮೇಲೆ ಒಂದಿಷ್ಟು ಹಿಮ ಕರಗಿಸಿ ಆ ಸತ್ತ ಪ್ರಾಣಿಯ ಬಾಯಿಗೆ ಸಿಹಿನೀರು ಹನಿಸುತ್ತಾನೆ.

ಅಲಾಸ್ಕಾದಿಂದ ಕೆನಡಾದ ಪೂರ್ವ ಭಾಗದವರೆಗೆ ಹಲವು ಕಡೆ ದಾಖಲಾಗಿರುವ ಪದ್ಧತಿ ಇದು. ಕೆಲವೆಡೆ ಬೇಟೆ ಮನೆಗೆ ಬಂದ ಮೇಲೆ ಮನೆಯೊಡತಿ ನೀರು ಕೊಡುತ್ತಿದ್ದಳು. ಸೀಲ್ ಉಪ್ಪುನೀರಿನಲ್ಲಿ ಬಾಳುವ ಜೀವ, ಅದಕ್ಕೆ ಸದಾ ಬಾಯಾರಿಕೆ ಎಂಬುದು ನಂಬಿಕೆ. ನೀರು ಕುಡಿದು ತೃಪ್ತಿಗೊಂಡ ಆತ್ಮ ಕಡಲಿಗೆ ಮರಳಿ ಹೊಸ ಮೈ ತೊಟ್ಟು ಮತ್ತೆ ಅದೇ ಬೇಟೆಗಾರನ ಬಳಿಗೆ ಬರುತ್ತದೆ. ಬಾಯಾರಿ ಹೋದ ಆತ್ಮ ಬರುವುದಿಲ್ಲ.

ಕೊಂದವನು ಕೊಂದದ್ದಕ್ಕೆ ನೀರು ಕೊಡುವುದೆಂದರೆ ಏನು? ಮನಸ್ಸಿನ ಸಮಾಧಾನಕ್ಕೆ ಮಾಡಿಕೊಂಡ ಉಪಾಯವೇ, ಅಥವಾ ತಿನ್ನುವುದೆಂದರೇನು ಎಂಬ ಪ್ರಶ್ನೆಗೆ ಒಂದು ಸಮುದಾಯ ಕಂಡುಕೊಂಡ ಗಂಭೀರ ಉತ್ತರವೇ? ಈ ಪ್ರಶ್ನೆಯನ್ನು ಹಿಡಿದು ಹೊರಟವರಲ್ಲಿ ಮೊದಲಿಗೆ ನೆನಪಾಗುವ ಹೆಸರು ಕ್ನುಡ್ ರಾಸ್ಮುಸೆನ್ ಅವರದು. 1879ರಲ್ಲಿ ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿದವರು; ತಾಯಿಯ ಕಡೆಯಿಂದ ಇನುಯಿಟ್ ರಕ್ತ, ಆ ಭಾಷೆ ಬಾಲ್ಯದಿಂದಲೇ ಬಾಯಲ್ಲಿ. 1921ರಿಂದ 1924ರವರೆಗೆ ನಡೆದ ಐದನೆಯ ಥುಲೆ ಯಾತ್ರೆಯಲ್ಲಿ ಅವರು ನಾಯಿಗಾಡಿಯ ಮೇಲೆ ಉತ್ತರ ಅಮೆರಿಕದ ನೆತ್ತಿಯುದ್ದಕ್ಕೂ ಸಂಚರಿಸಿ, ದುಭಾಷಿಯ ಹಂಗಿಲ್ಲದೆ ಜನರ ಮಾತು ಕೇಳಿಸಿಕೊಂಡರು. ಕೆನಡಾದ ಇಗ್ಲೂಲಿಕ್ ಸೀಮೆಯ ಜನರ ನಡುವೆ ಅವರಿಗೊಂದು ಮಾತು ಸಿಕ್ಕಿತು. ಬದುಕಿನ ದೊಡ್ಡ ಅಪಾಯವಿರುವುದು ಚಳಿಯಲ್ಲೂ ಅಲ್ಲ, ಬಿರುಗಾಳಿಯಲ್ಲೂ ಅಲ್ಲ; ಮನುಷ್ಯರು ತಿನ್ನುವ ಅನ್ನವೆಲ್ಲ ಆತ್ಮಗಳೇ ಆಗಿರುವುದರಲ್ಲಿ ಎಂಬುದು ಅದರ ಸಾರಾಂಶ. ಕೊಂದು ತಿನ್ನುವ, ಚರ್ಮ ಸುಲಿದು ತೊಡುವ ಪ್ರತಿ ಪ್ರಾಣಿಗೂ ನಮ್ಮಂಥದೇ ಆತ್ಮವಿದೆ. ಮೈ ಸತ್ತರೂ ಅದು ಸಾಯುವುದಿಲ್ಲ. ಅದಕ್ಕೆ ಸಲ್ಲಬೇಕಾದ್ದು ಸಲ್ಲದಿದ್ದರೆ ಬಿಡುವುದೂ ಇಲ್ಲ.

ಈ ಮಾತಿನ ಮೊದಲರ್ಧ ಕನ್ನಡದವರಿಗೆ ಹೊಸದಲ್ಲ. ಶ್ರವಣಬೆಳಗೊಳದಲ್ಲಿ ದಿಗಂಬರ ಮುನಿಗಳು ಕೂರುವ ಮುನ್ನ ನವಿಲುಗರಿಯ ಪಿಂಛಿಯಿಂದ ನೆಲ ಸವರುವುದನ್ನು ನೋಡಿದವರಿಗೆ, ಎಲ್ಲೆಲ್ಲೂ ಜೀವವಿದೆ ಎಂಬ ಅರಿವು ಮನುಷ್ಯನ ನಡೆಯನ್ನು ಎಷ್ಟು ನಾಜೂಕು ಮಾಡಬಲ್ಲದು ಎಂದು ಗೊತ್ತು. ಮಣ್ಣು, ನೀರು, ಬೆಂಕಿ, ಗಾಳಿಗಳಲ್ಲೂ ಏಕೇಂದ್ರಿಯ ಜೀವಗಳಿವೆ ಎನ್ನುತ್ತದೆ ಜೈನ ದರ್ಶನ. ಆ ಅರಿವು ಮನುಷ್ಯನನ್ನು ಹಿಂದಕ್ಕೆ ಸರಿಸುತ್ತಾ ಹೋಗುತ್ತದೆ: ಮಾಂಸ ಬೇಡ, ಗೆಡ್ಡೆ ಬೇಡ, ಹೊತ್ತು ಮುಳುಗಿದ ಮೇಲೆ ಊಟ ಬೇಡ, ಕೊನೆಗೆ ಸಲ್ಲೇಖನದಲ್ಲಿ ಅನ್ನವೇ ಬೇಡ. ಹಾಗೆ ಹೊರಟುಹೋದವರ ನೆನಪಿನ ಶಾಸನಗಳು ಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ಸುಮಾರು ಏಳನೆಯ ಶತಮಾನದಿಂದಲೂ ಇವೆ.

ಆದರೆ ಇಗ್ಲೂಲಿಕ್ ಇರುವುದು ಸುಮಾರು 69 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಚಳಿಗಾಲದ ನಡುವೆ ವಾರಗಟ್ಟಲೆ ಸೂರ್ಯ ಏಳುವುದೇ ಇಲ್ಲ. ಮರಗಳ ಗಡಿ ದಕ್ಷಿಣಕ್ಕೆ ಬಹುದೂರ ಉಳಿದಿದೆ. ನೆಲದಡಿಯ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಉತ್ತು ಬಿತ್ತುವ ಮಾತು ಹಾಗಿರಲಿ, ಬೇಸಿಗೆಯ ಕೆಲವು ವಾರ ಸಿಗುವ ಕಾಡುಹಣ್ಣು, ಬೇರು, ಕಡಲಪಾಚಿ ಬಿಟ್ಟರೆ ಬಾಯಿಗೆ ಹಾಕಿಕೊಳ್ಳುವ ಸೊಪ್ಪುಸದೆ ಇಲ್ಲ. ಸೀಲಿನ ಮಾಂಸವೇ ಊಟ, ಅದರ ಕೊಬ್ಬೇ ದೀಪದ ಎಣ್ಣೆ, ಆ ದೀಪವೇ ಒಲೆ. ಅದರ ಚರ್ಮವೇ ಮಳೆ-ನೀರಿಗೆ ತಡೆಯುವ ಪಾದರಕ್ಷೆ. ಸಿ ಜೀವಸತ್ವ ಕೂಡ ಹಸಿಮಾಂಸ ಮತ್ತು ತಿಮಿಂಗಿಲದ ತೊಗಲಿನಿಂದಲೇ ಬರಬೇಕು. ಇಲ್ಲಿ ಹಿಂದೆ ಸರಿಯುವುದೆಂದರೆ ಮಕ್ಕಳನ್ನು ಸಾಯಲು ಬಿಡುವುದು. ಎಲ್ಲದರಲ್ಲೂ ಆತ್ಮವಿದೆ ಎಂಬ ಒಂದೇ ನೆಲೆಯಿಂದ ಹೊರಟ ಎರಡು ದಾರಿಗಳು ಹೀಗೆ ಎರಡು ದಿಕ್ಕಿಗೆ ಸಾಗಿದವು. ಬೆಳಗೊಳದ ದಾರಿ ಕೊಲ್ಲದೆ ಬದುಕುವುದು ಹೇಗೆಂದು ಕೇಳಿತು. ಇಗ್ಲೂಲಿಕ್‌ನ ದಾರಿ ಕೊಂದ ಮೇಲೆ ಬದುಕುವುದು ಹೇಗೆಂದು ಕೇಳಬೇಕಾಯಿತು.

ಆ ಪ್ರಶ್ನೆಗೆ ಅಲ್ಲಿಯ ಜನ ಕಟ್ಟಿದ ಉತ್ತರದ ನಟ್ಟನಡುವೆ ಒಬ್ಬ ಹೆಣ್ಣಿದ್ದಾಳೆ. ಒಂದು ಕಡೆ ಅವಳು ಸೆಡ್ನಾ, ಇನ್ನೊಂದು ಕಡೆ ನುಲಿಯಾಯುಕ್. ಹೆಸರು ಹಲವು, ಕತೆಯ ರೂಪವೂ ಹಲವು. ಹಕ್ಕಿಯ ರೂಪದ ಗಂಡನಿಂದ ಮಗಳನ್ನು ಬಿಡಿಸಿಕೊಂಡು ಅಪ್ಪ ದೋಣಿಯಲ್ಲಿ ಹೊರಟಿದ್ದಾನೆ. ಹಿಂದೆಯೇ ಬಿರುಗಾಳಿ ಏಳುತ್ತದೆ. ಜೀವಭಯಕ್ಕೆ ಅಪ್ಪ ಮಗಳನ್ನೇ ಕಡಲಿಗೆ ತಳ್ಳುತ್ತಾನೆ. ಅವಳು ದೋಣಿಯ ಅಂಚನ್ನು ಹಿಡಿದುಕೊಂಡಾಗ ಬೆರಳುಗಳನ್ನು ಗೆಣ್ಣುಗೆಣ್ಣಾಗಿ ಕತ್ತರಿಸುತ್ತಾನೆ. ನೀರಿಗೆ ಬಿದ್ದ ಆ ಗೆಣ್ಣುಗಳೇ ಸೀಲ್‌ಗಳಾದವು, ವಾಲ್ರಸ್‌ಗಳಾದವು, ತಿಮಿಂಗಿಲಗಳಾದವು. ಅವಳು ಕಡಲ ತಳದಲ್ಲಿ ನೆಲೆಸಿ ಆ ಪ್ರಾಣಿಗಳಿಗೆಲ್ಲ ಒಡತಿಯಾದಳು. ಅಂದರೆ ಮನುಷ್ಯರ ಅನ್ನ ಹುಟ್ಟಿದ್ದೇ ಒಬ್ಬ ಅಪ್ಪ ಮಗಳಿಗೆ ಮಾಡಿದ ದ್ರೋಹದಿಂದ. ಸೀಲಿನ ತುಂಡು ಬಾಯಿಗಿಡುವವನು ಆ ದ್ರೋಹದ ಋಣವನ್ನೂ ಜೊತೆಗೇ ತಿನ್ನುತ್ತಾನೆ.

ಮೇಲೆ ಜನ ಕಟ್ಟಳೆ ಮುರಿದರೆ ಆ ಕೊಳೆಯೆಲ್ಲ ಇಳಿದಿಳಿದು ಅವಳ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಕೂದಲು ಜಡೆಗಟ್ಟುತ್ತದೆ. ಬಾಚಿಕೊಳ್ಳೋಣವೆಂದರೆ ಅವಳಿಗೆ ಬೆರಳಿಲ್ಲ. ಸಿಟ್ಟಿಗೆದ್ದು ಪ್ರಾಣಿಗಳನ್ನೆಲ್ಲ ತನ್ನ ಬಳಿಯೇ ಕೂಡಿಹಾಕಿಕೊಳ್ಳುತ್ತಾಳೆ. ಕಿಂಡಿಯಲ್ಲಿ ಪುಕ್ಕ ಅಲುಗುವುದೇ ಇಲ್ಲ, ಕೇರಿಗೆ ಹಸಿವು ಬರುತ್ತದೆ. ಆಗ ಅಂಗಕ್ಕುಕ್, ಅಂದರೆ ಆತ್ಮಗಳ ಲೋಕ ಬಲ್ಲ ಹಿರಿಯ, ಮೈಮೇಲೆ ಆವೇಶ ತಂದುಕೊಂಡು ಕಡಲ ತಳಕ್ಕಿಳಿಯುತ್ತಾನೆ. ಅವಳ ಪಕ್ಕ ಕೂತು ಕೂದಲು ಬಿಡಿಸಿ ಬಾಚುತ್ತಾನೆ. ಅವನು ಮರಳಿ ಬಂದ ಮೇಲೆ ಮನೆಯೊಳಗೆ ಸೇರಿದವರೆಲ್ಲ ಒಬ್ಬೊಬ್ಬರಾಗಿ ತಮ್ಮ ತಪ್ಪು ಒಪ್ಪಿಕೊಳ್ಳಬೇಕು. ಒಬ್ಬರ ತಪ್ಪಿಗೆ ಊರೇ ಉಪವಾಸ ಬೀಳುವುದರಿಂದ ಇಲ್ಲಿ ಖಾಸಗಿ ಪಾಪವೆಂಬುದೇ ಇಲ್ಲ.

ಕಟ್ಟಳೆಗಳು ಸಣ್ಣವೂ ಅಲ್ಲ, ಸುಲಭವೂ ಅಲ್ಲ. ನೆಲದ ಪ್ರಾಣಿ ಕ್ಯಾರಿಬೂವಿನ ಮಾಂಸವನ್ನೂ ಕಡಲ ಪ್ರಾಣಿಯ ಮಾಂಸವನ್ನೂ ಬೆರೆಸುವಂತಿಲ್ಲ. ಕಡಲಮಂಜಿನ ಮೇಲೆ ಬಿಡಾರವಿರುವಾಗ ಕ್ಯಾರಿಬೂ ಚರ್ಮಕ್ಕೆ ಸೂಜಿ ತಾಕಿಸುವಂತಿಲ್ಲ. ಹಿಮಕರಡಿಯನ್ನು ಕೊಂದರೆ ಅದರ ಆತ್ಮ ಕೆಲವು ದಿನ ಮನೆಯ ಅತಿಥಿ. ಗಂಡು ಕರಡಿಗೆ ಗಂಡಸರ ಹತಾರ, ಹೆಣ್ಣು ಕರಡಿಗೆ ಹೆಂಗಸರ ಸೂಜಿ-ಚೂರಿ ಕಾಣಿಕೆ ಇಡಬೇಕು. ಪಶ್ಚಿಮದಲ್ಲಿ, ಅಲಾಸ್ಕಾದ ಯುಪಿಕ್ ಜನ ವರ್ಷವಿಡೀ ಕೊಂದ ಸೀಲ್‌ಗಳ ಮೂತ್ರಕೋಶಗಳನ್ನು ಜೋಪಾನವಾಗಿಟ್ಟು, ಚಳಿಗಾಲದ ಹಬ್ಬದಲ್ಲಿ ಗಾಳಿ ತುಂಬಿ ಗಂಡಸರ ಚಾವಡಿಯಲ್ಲಿ ತೂಗುಹಾಕಿ, ಹಾಡಿ ಕುಣಿದು ಉಪಚರಿಸಿ, ಕೊನೆಗೆ ಮಂಜುಗಡ್ಡೆಯಲ್ಲಿ ಕೊರೆದ ಕಿಂಡಿಯ ಮೂಲಕ ಕಡಲಿಗೆ ಮರಳಿಸುತ್ತಿದ್ದರು. ಆತ್ಮವಿರುವುದು ಮೂತ್ರಕೋಶದಲ್ಲಿ ಎಂಬ ನಂಬಿಕೆ ಅವರದು.

ಇದನ್ನೆಲ್ಲ ಓದುವಾಗ ಮನಸ್ಸು ಮೃದುವಾಗುತ್ತದೆ. ಆದರೆ ಆ ಬದುಕನ್ನು ಬದುಕಿದವರು ಅದನ್ನು ಚೆಲುವಾದ ದರ್ಶನವೆಂದು ಬಣ್ಣಿಸಲಿಲ್ಲ. ರಾಸ್ಮುಸೆನ್ ಪದೇ ಪದೇ ಏಕೆ, ಏಕೆ ಎಂದು ಕೇಳಿದಾಗ ಆವಾ ಎಂಬ ಅಂಗಕ್ಕುಕ್ ಅವರನ್ನು ಸಂಜೆಯ ಹಿಮಗಾಳಿಗೆ ಕರೆದುಕೊಂಡು ಹೋದ. ದಿನವಿಡೀ ಕಿಂಡಿ ಕಾದು ಬರಿಗೈಲಿ ಬರುತ್ತಿದ್ದ ಬೇಟೆಗಾರರನ್ನು ತೋರಿಸಿದ. ಕೊಬ್ಬು ತೀರಿ ದೀಪ ಸೊರಗಿದ ಮನೆಯೊಳಗೆ ನಡುಗುತ್ತಿದ್ದ ಮಕ್ಕಳನ್ನು ತೋರಿಸಿದ. ಕಾಯಿಲೆ ಬಿದ್ದಿದ್ದ ತನ್ನ ಅಕ್ಕನನ್ನು ತೋರಿಸಿದ. ಪ್ರತಿ ಸಲವೂ ಹೀಗೇಕೆ ಎಂದು ಕೇಳಿದ. ಅತಿಥಿಯ ಬಳಿ ಉತ್ತರವಿರಲಿಲ್ಲ. ಆವಾ ವಿವರಿಸಿದ್ದು ಇಷ್ಟೇ: ತಾವು ಏನನ್ನೂ ನಂಬುವುದಿಲ್ಲ, ಹೆದರುತ್ತೇವೆ. ಹವೆಗೆ, ಹಸಿವಿಗೆ, ಕಾಯಿಲೆಗೆ, ಕೊಂದ ಪ್ರಾಣಿಗಳ ಆತ್ಮಕ್ಕೆ ಹೆದರಿಯೇ ಹಿರಿಯರು ಈ ಕಟ್ಟಳೆಗಳನ್ನು ಕಟ್ಟಿದರು, ಕಾರಣ ತಿಳಿಯದಿದ್ದರೂ ತಾವು ಪಾಲಿಸುತ್ತೇವೆ.

ಆ ಭಯದ ಹೊರೆಯೂ ಸಮನಾಗಿ ಹಂಚಿಕೆಯಾಗಿರಲಿಲ್ಲ. ಹೆರಿಗೆ, ಮುಟ್ಟು, ಗರ್ಭಪಾತಗಳ ಸುತ್ತ ಹೆಂಗಸರಿಗೆ ನೂರೆಂಟು ನಿಷೇಧ. ಬೇಟೆ ಸಿಗದಿದ್ದರೆ ಮೊದಲ ಅನುಮಾನವೂ ಅವರ ಮೇಲೆಯೇ. 1920ರ ದಶಕದಲ್ಲಿ ಇಗ್ಲೂಲಿಕ್ ಮತ್ತು ಉತ್ತರ ಬ್ಯಾಫಿನ್ ಸೀಮೆಗಳಲ್ಲಿ ಕ್ರೈಸ್ತಧರ್ಮ ಹರಡಿದಾಗ ಜನ ಹೊಸ ಧರ್ಮಕ್ಕೆ ಸೇರಿದ ರೀತಿಯೇ ಇದನ್ನು ಹೇಳುತ್ತದೆ: ಅದುವರೆಗೆ ನಿಷಿದ್ಧವಾಗಿದ್ದ ಪ್ರಾಣಿಯ ಭಾಗಗಳನ್ನು, ಹೃದಯ ಮುಂತಾದವನ್ನು, ಎಲ್ಲರೂ ಒಟ್ಟಿಗೆ ಕೂತು ತಿಂದು ಹಳೆಯ ಕಟ್ಟಳೆ ದಾಟಿದರು. ಸಿಕ್ಕಿತಿರ್ನಿಕ್ ಎಂದು ಅದರ ಹೆಸರು. ಆವಾ ಕೂಡ ಕೊನೆಗೆ ತನ್ನ ನೆರವಿನ ಆತ್ಮಗಳನ್ನು ಕಳಿಸಿಕೊಟ್ಟು ಕ್ರೈಸ್ತನಾದ. ಹಲವರಿಗೆ ಅದು ಬಿಡುಗಡೆಯಾಗಿತ್ತು ಎಂಬುದನ್ನು ಮರೆತು ಹಳೆಯ ಲೋಕವನ್ನು ಹಾಡಿ ಹೊಗಳುವುದು ಅವರಿಗೆ ಮಾಡುವ ಅನ್ಯಾಯ.

ಭಯ ಹೋದರೂ ನಡತೆಯ ತಿರುಳು ಉಳಿಯಿತು. ಪ್ರಾಣಿಯನ್ನು ಗೇಲಿ ಮಾಡಬಾರದು, ನರಳಿಸಬಾರದು, ಬೇಕಾದ್ದಕ್ಕಿಂತ ಹೆಚ್ಚು ಕೊಲ್ಲಬಾರದು, ಬೇಟೆಯನ್ನು ಒಬ್ಬನೇ ಇಟ್ಟುಕೊಳ್ಳಬಾರದು. 1999ರ ಏಪ್ರಿಲ್ 1ರಂದು ಹುಟ್ಟಿದ ಕೆನಡಾದ ನುನಾವುಟ್ ಪ್ರದೇಶ 2003ರಲ್ಲಿ ತನ್ನ ವನ್ಯಜೀವಿ ಕಾಯ್ದೆ ಮಾಡಿದಾಗ ಇಂಥ ತತ್ವಗಳನ್ನು ಇನುಯಿಟ್ ಭಾಷೆಯ ಹೆಸರುಗಳಲ್ಲೇ ಕಾನೂನಿಗೆ ಸೇರಿಸಿತು. ಹಂಚಿಕೆಯ ಪದ್ಧತಿ ಎಷ್ಟು ಆಳದ್ದು ಎಂಬುದಕ್ಕೆ ನೆತ್ಸಿಲಿಕ್ ಇನುಯಿಟ್ ಜನರ ಉದಾಹರಣೆಯೊಂದೇ ಸಾಕು. ಅಲ್ಲಿ ಹುಡುಗನೊಬ್ಬ ಚಿಕ್ಕವನಿರುವಾಗಲೇ ಅವನ ತಾಯಿ ಅವನಿಗೆ ಸೀಲ್ ಪಾಲುದಾರರನ್ನು ಗೊತ್ತು ಮಾಡುತ್ತಿದ್ದಳು. ಸುಮಾರು ಹನ್ನೆರಡು ಮಂದಿ, ಒಬ್ಬೊಬ್ಬರಿಗೆ ಸೀಲಿನ ಒಂದೊಂದು ಭಾಗ ಬದುಕಿಡೀ ಖಾಯಂ. ಪಾಲುದಾರರು ಒಬ್ಬರನ್ನೊಬ್ಬರು ಆ ಭಾಗದ ಹೆಸರಿನಿಂದಲೇ, ‘ನನ್ನ ತೊಡೆ’ ಎಂಬಂತೆ, ಕರೆಯುತ್ತಿದ್ದರು. ಸತ್ತ ಸೀಲ್ ಬದುಕಿರುವವರ ನಡುವಿನ ನಂಟಿನ ಹೆಸರಾಗಿ ಉಳಿಯುತ್ತಿತ್ತು.

ಇಂಥ ಜಗತ್ತಿಗೆ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ದೂರದಿಂದ ಇನ್ನೊಂದು ಧರ್ಮಪ್ರಶ್ನೆ ಬಂತು. ಅಟ್ಲಾಂಟಿಕ್ ತೀರದ ನ್ಯೂಫೌಂಡ್‌ಲ್ಯಾಂಡ್ ಬಳಿ ತುಪ್ಪಳದ ವ್ಯಾಪಾರಕ್ಕಾಗಿ ಹಾರ್ಪ್ ಸೀಲಿನ ಬಿಳಿಮರಿಗಳನ್ನು ಸಾವಿರಗಟ್ಟಲೆ ಬಡಿದು ಕೊಲ್ಲುತ್ತಿದ್ದರು. 1976ರಲ್ಲಿ ಗ್ರೀನ್‌ಪೀಸ್ ಅದರ ವಿರುದ್ಧ ಚಳವಳಿಗಿಳಿಯಿತು. 1977ರಲ್ಲಿ ಫ್ರೆಂಚ್ ನಟಿ ಬ್ರಿಜಿತ್ ಬಾರ್ಡೊ ಅಲ್ಲಿಗೆ ಬಂದರು. ಬಿಳಿಮರಿಯ ಕಪ್ಪು ಕಣ್ಣುಗಳ ಚಿತ್ರ ಜಗತ್ತನ್ನು ಸುತ್ತಿತು. 1983ರಲ್ಲಿ ಯುರೋಪಿನ ದೇಶಗಳು ಮರಿಗಳ ಚರ್ಮದ ಆಮದನ್ನು ನಿಷೇಧಿಸಿದವು. ಆ ಕ್ರೌರ್ಯವನ್ನು ಕಂಡು ಮರುಗಿದವರ ಮರುಕ ಸುಳ್ಳಲ್ಲ. ಆದರೆ ಇನುಯಿಟ್ ಜನ ಆ ಬಿಳಿಮರಿಗಳ ಬೇಟೆಗಾರರೇ ಅಲ್ಲ. ಅವರದು ಬಹುಮಟ್ಟಿಗೆ ಕಿಂಡಿಯ ಬಳಿ ಕಾಯುವ ರಿಂಗ್ಡ್ ಸೀಲ್. ಮಾಂಸ ತಿಂದ ಮೇಲೆ ಉಳಿದ ಚರ್ಮ ಮಾರಿ ಗುಂಡು, ಪೆಟ್ರೋಲು ಕೊಳ್ಳುತ್ತಿದ್ದರು. ಯಾವ ಸೀಲಿನ ಚರ್ಮವೆಂದು ಕೊಳ್ಳುವವರು ವಿಚಾರಿಸಲಿಲ್ಲ, ಮಾರುಕಟ್ಟೆ ಪೂರ್ತಿ ಕುಸಿಯಿತು. 2009ರಲ್ಲಿ ಯುರೋಪಿಯನ್ ಒಕ್ಕೂಟ ಸೀಲ್ ಉತ್ಪನ್ನಗಳ ವ್ಯಾಪಾರಕ್ಕೇ ತಡೆ ಹಾಕಿ ಇನುಯಿಟ್ ಬೇಟೆಗೆ ವಿನಾಯಿತಿ ಕೊಟ್ಟಿತು. ಕೊಳ್ಳುವವರೇ ಇಲ್ಲದ ಮೇಲೆ ವಿನಾಯಿತಿಯಿಂದ ಹೊಟ್ಟೆ ತುಂಬಲಿಲ್ಲ. 2014ರಲ್ಲಿ ಗ್ರೀನ್‌ಪೀಸ್‌ನ ಕೆನಡಾ ಶಾಖೆ ಇನುಯಿಟ್ ಜನರ ಕ್ಷಮೆ ಕೇಳಿತು.

ಇಲ್ಲಿ ಎದುರುಬದುರಾದದ್ದು ಕರುಣೆ ಮತ್ತು ಕ್ರೌರ್ಯ ಎನ್ನುವುದು ಅವಸರದ ತೀರ್ಪು. ಕರುಣೆಯ ಎರಡು ಅಳತೆಗೋಲುಗಳು ಇಲ್ಲಿ ಮುಖಾಮುಖಿಯಾದವು. ಮೀನನ್ನು ಗಾಳಕ್ಕೆ ಸಿಕ್ಕಿಸಿ, ಫೋಟೊ ತೆಗೆದು, ಮತ್ತೆ ನೀರಿಗೆ ಬಿಡುವ ಮೋಜು ದಯೆಯ ಆಟವೆಂದು ನಗರದವರಿಗೆ ಅನಿಸಬಹುದು. ಯುಪಿಕ್ ಹಿರಿಯರಿಗೆ ಅದು ಅನ್ನದ ಜೊತೆ ಚೆಲ್ಲಾಟ. ತನ್ನನ್ನು ಒಪ್ಪಿಸಿಕೊಂಡ ಜೀವಕ್ಕೆ ಮಾಡಿದ ಅವಮಾನ. ಹಿಮಕರಡಿಯನ್ನು ಮದ್ದಿನಿಂದ ಮಲಗಿಸಿ, ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ ಬಿಡುವ ಸಂಶೋಧನೆಗೂ ನುನಾವುಟ್‌ನ ಬೇಟೆಗಾರರಿಂದ ಆಕ್ಷೇಪ ಬಂದಿದೆ. ಕೊಲ್ಲುವುದಕ್ಕಿಂತ ಕೀಳಾದ ಹಿಂಸೆಗಳೂ ಇವೆ ಎಂಬ ಅವರ ವಾದವನ್ನು, ಕೊಲ್ಲುವುದೊಂದನ್ನೇ ಹಿಂಸೆಯೆಂದು ಎಣಿಸುವವರು ಕಿವಿಗೊಟ್ಟು ಕೇಳಬೇಕಾಗಿದೆ.

ಹಾಗೆ ಕೇಳಿದರೆ ಪ್ರಶ್ನೆ ತಿರುಗಿ ನಮ್ಮ ಬಾಗಿಲಿಗೇ ಬರುತ್ತದೆ. 1980ರ ದಶಕದ ಕೊನೆಯಲ್ಲಿ ಕ್ವಿಬೆಕ್‌ನ ಸಂಶೋಧಕರು ತಾಯಂದಿರ ಎದೆಹಾಲಿನಲ್ಲಿ ರಾಸಾಯನಿಕಗಳಿವೆಯೇ ಎಂದು ಪರೀಕ್ಷಿಸುತ್ತಿದ್ದರು. ಕಾರ್ಖಾನೆಗಳಿಂದ ದೂರವಿರುವ, ಕ್ವಿಬೆಕ್‌ನದೇ ಉತ್ತರ ಭಾಗವಾದ ನುನಾವಿಕ್‌ನ ಇನುಯಿಟ್ ತಾಯಂದಿರ ಹಾಲು ಶುದ್ಧವಿರುತ್ತದೆ, ಹೋಲಿಕೆಗೆ ಅನುಕೂಲ ಎಂದುಕೊಂಡಿದ್ದರು. ಆದರೆ ಪಿಸಿಬಿ ಎಂಬ ಕೈಗಾರಿಕಾ ವಿಷ ದಕ್ಷಿಣದ ತಾಯಂದಿರ ಹಾಲಿನಲ್ಲಿರುವುದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು ಅಲ್ಲಿ ಕಂಡಿತು. ಇಂಥ ವಿಷಗಳು ಬಿಸಿಲಿನ ನಾಡಿನಲ್ಲಿ ಆವಿಯಾಗಿ ಮೇಲೇಳುತ್ತವೆ, ಗಾಳಿಯ ಜೊತೆ ಮಿಡತೆಯಂತೆ ಕುಪ್ಪಳಿಸುತ್ತಾ ಉತ್ತರಕ್ಕೆ ಸಾಗುತ್ತವೆ, ಚಳಿಯ ನಾಡಿನಲ್ಲಿ ಕೆಳಗಿಳಿಯುತ್ತವೆ. ಪಾಚಿಯಿಂದ ಮೀನಿಗೆ, ಮೀನಿನಿಂದ ಸೀಲಿನ ಕೊಬ್ಬಿಗೆ, ಅಲ್ಲಿಂದ ಹಿಮಕರಡಿಗೆ, ಮನುಷ್ಯರಿಗೆ, ಮೆಟ್ಟಿಲೇರಿದಂತೆಲ್ಲ ಸಾಂದ್ರವಾಗುತ್ತವೆ.

ಆ ವಿಷಗಳ ಪಟ್ಟಿಯಲ್ಲಿ ಕನ್ನಡ ನಾಡು ಚೆನ್ನಾಗಿ ಬಲ್ಲ ಒಂದು ಹೆಸರಿದೆ: ಎಂಡೋಸಲ್ಫಾನ್. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಸುರಿದದ್ದು ಈ ಕೀಟನಾಶಕವನ್ನೇ; ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳಲ್ಲಿ ಹಾಸಿಗೆ ಹಿಡಿದ ಮಕ್ಕಳ ಬಗ್ಗೆ ಮಾತು ಬಂದಾಗಲೆಲ್ಲ ಕೇಳಿಬರುವುದು ಇದೇ ಹೆಸರು. ಇದೇ ವಿಷ ಆರ್ಕ್ಟಿಕ್‌ನ ಗಾಳಿಯಲ್ಲಿ, ಅಲ್ಲಿಯ ಪ್ರಾಣಿಗಳ ಮೈಯಲ್ಲಿ ಕೂಡ ಪತ್ತೆಯಾಯಿತು. 2011ರ ಏಪ್ರಿಲ್‌ನಲ್ಲಿ ಜಿನೀವಾ ಸಭೆ ಅದನ್ನು ಇಂಥ ವಿಷಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ ಸೇರಿಸಲು ದೂರದೂರಕ್ಕೆ ಸಾಗುವ ಈ ಗುಣವೂ ಒಂದು ಕಾರಣ. ಮರುತಿಂಗಳು ಭಾರತದ ಸುಪ್ರೀಂ ಕೋರ್ಟ್ ಅದರ ಬಳಕೆಗೆ ತಡೆ ಹಾಕಿತು. ಯಾವ ಸೀಲಿನ ಕೊಬ್ಬಿನಲ್ಲಿರುವ ವಿಷ ಯಾವ ನಾಡಿನ ತೋಟದ್ದೆಂದು ಯಾರೂ ಗುರುತು ಹಿಡಿಯಲಾರರು. ಆ ನಾಡುಗಳಲ್ಲಿ ಮಾಂಸ ಮುಟ್ಟದೆ, ಇರುವೆಯನ್ನೂ ತುಳಿಯದೆ ಬದುಕಿದವರ ಬಟ್ಟೆಯ ಹತ್ತಿಗೆ, ಊಟದ ತರಕಾರಿಗೆ ಇಂಥ ಮದ್ದು ಬಿದ್ದಿರಬಹುದು. ತಟ್ಟೆಯನ್ನು ನೋಡಿಯೇ ಅಹಿಂಸೆಯನ್ನು ಅಳೆಯುವ ಅಭ್ಯಾಸಕ್ಕೆ ಇದಕ್ಕಿಂತ ಕಠಿಣವಾದ ಪ್ರಶ್ನೆ ಬೇರೆ ಬೇಕಿಲ್ಲ.

ಎಲ್ಲೋ ಮಾಡಿದ ತಪ್ಪಿನ ಕೊಳೆ ಕಡಲ ತಳಕ್ಕಿಳಿದು ಪ್ರಾಣಿಗಳ ಒಡತಿಯ ಕೂದಲಿಗೆ ಮೆತ್ತಿಕೊಳ್ಳುತ್ತದೆ ಎಂಬ ಮಾತನ್ನು ಈಗ ಕಟ್ಟುಕತೆಯೆಂದು ತಳ್ಳಿಹಾಕುವುದು ಕಷ್ಟ. ಹಳೆಯ ಕತೆಯಲ್ಲಿ ತಪ್ಪು ಮಾಡಿದವರೂ ಹಸಿವು ಉಣ್ಣುವವರೂ ಒಂದೇ ಬಿಡಾರದವರಾಗಿದ್ದರು, ತಪ್ಪೊಪ್ಪಿಕೊಳ್ಳಲು ಒಂದೇ ಸೂರಿನಡಿ ಕೂತಿರುತ್ತಿದ್ದರು. ಈಗ ನಡುವೆ ಸಾವಿರಾರು ಮೈಲಿ ಇದೆ. 1999ರಲ್ಲಿ ನೈರೋಬಿಯಲ್ಲಿ ಈ ವಿಷಗಳ ಕುರಿತ ಸಂಧಾನ ನಡೆದಾಗ ಇನುಯಿಟ್ ನಾಯಕಿ ಶೀಲಾ ವಾಟ್-ಕ್ಲೂಟಿಯೆ ತಾಯಿ-ಮಗುವಿನ ಕಲ್ಲಿನ ಕೆತ್ತನೆಯೊಂದನ್ನು ಸಭೆಗೆ ಒಪ್ಪಿಸಿದರು. ಮುಂದಿನ ಮಾತುಕತೆಗಳಲ್ಲಿ ಅದು ಅಧ್ಯಕ್ಷರ ಮೇಜಿನ ಮೇಲೆ ಇರುತ್ತಿತ್ತು. ದೇಶದೇಶಗಳನ್ನು ಒಂದೇ ಸೂರಿನಡಿ ಕೂರಿಸಿ ತಪ್ಪೊಪ್ಪಿಸುವ ಹಳೆಯ ಕೆಲಸವೇ ಅದು. 2001ರಲ್ಲಿ ಆದ ಸ್ಟಾಕ್‌ಹೋಮ್ ಒಪ್ಪಂದದ ಪೀಠಿಕೆ ಆರ್ಕ್ಟಿಕ್‌ನ ಮೂಲನಿವಾಸಿಗಳಿಗೆ ಒದಗಿದ ಅಪಾಯವನ್ನು ಹೆಸರಿಟ್ಟು ಹೇಳುತ್ತದೆ.

ಸೀಲ್ ಹಿಡಿದ ದಿನ ಬೇಟೆಗಾರರು ಮಂಜಿನ ಮೇಲೆಯೇ ಕೂತು ಮೊದಲು ತಿನ್ನುತ್ತಿದ್ದುದು ಅದರ ಲಿವರ್. ಇನ್ನೂ ಹಬೆಯಾಡುವಾಗಲೇ, ಹಸಿಯಾಗಿ, ಇದ್ದವರೆಲ್ಲ ಹಂಚಿಕೊಂಡು. ವಿಷಗಳ ಜೊತೆಗೆ ಗಾಳಿ ಹೊತ್ತು ತಂದ ಪಾದರಸ ಹೆಚ್ಚಾಗಿ ಸೇರುವುದೂ ಲಿವರ್‌ನಲ್ಲೇ. 2012ರಲ್ಲಿ ನುನಾವುಟ್‌ನ ಆರೋಗ್ಯ ಇಲಾಖೆ ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ಒಂದು ಸಲಹೆ ಕೊಟ್ಟಿತು: ರಿಂಗ್ಡ್ ಸೀಲಿನ ಲಿವರ್ ಬಿಡಿ, ಅದರ ಬದಲು ಮಾಂಸ ತಿನ್ನಿ. ಸೀಲನ್ನೇ ಬಿಡಿ ಎನ್ನಲಿಲ್ಲ. ಕಬ್ಬಿಣದಂಶ ತುಂಬಿದ ಆ ಮಾಂಸದಷ್ಟು ಒಳ್ಳೆಯ ಆಹಾರ ವಿಮಾನದಲ್ಲಿ ಬಂದು ದುಬಾರಿ ಬೆಲೆಗೆ ಬಿಕರಿಯಾಗುವ ಡಬ್ಬಿಗಳಲ್ಲಿ ಸಿಗುವುದಿಲ್ಲ. ಬಸುರಿಯೊಬ್ಬಳು ಇವತ್ತು ಅಲ್ಲಿ ಊಟಕ್ಕೆ ಕೂತಾಗ ಮಾಂಸ ತೆಗೆದುಕೊಂಡು ಲಿವರ್‌ನ ತುಂಡನ್ನು ಪಕ್ಕಕ್ಕೆ ಸರಿಸಬೇಕು.